ಜಪಾನಿಯಲ್ಲಿ ನಿಮ್ಮ ಪರಿಚಯ: ಊರು, ಮನೆಯವರು, ಕಂಪ್ಯೂಟರ್, ಅನಿಮೆ

ಜಪಾನಿ ತರಗತಿಗೆ ಸೇರಿದ ಮೊದಲ ವಾರದಲ್ಲೇ ಎದ್ದು ನಿಂತು ಹೇಳಬೇಕಾಗುವುದು ‘ಜಿಕೊಶೋಕೈ’. ಜಿಕೊ ಎಂದರೆ ತಾನು, ಶೋಕೈ ಎಂದರೆ ಪರಿಚಯ. ಬಿಡದಿಯ ಟೊಯೋಟಾ, ನರಸಾಪುರದ ಹೋಂಡಾ ಇಂಥ ಕಡೆ ಜಪಾನಿನಿಂದ ಬಂದವರೊಡನೆ ಕೆಲಸ ಮಾಡುವವರಿಗೆ, ಬೆಂಗಳೂರಿನ ಜಪಾನ್ ಹಬ್ಬಕ್ಕೆ ಹೋಗುವವರಿಗೆ, ಓದಲು ಟೋಕಿಯೊಗೆ ಹೊರಟವರಿಗೆ ಇದು ಮತ್ತೆ ಮತ್ತೆ ಬೇಕಾಗುತ್ತದೆ. ಸುಲಭದ ಎನ್5ರಿಂದ ಕಷ್ಟದ ಎನ್1ರವರೆಗೆ ಹಂತಗಳಿರುವ ಜೆಎಲ್‌ಪಿಟಿ ಎಂಬ ಜಪಾನಿ ಭಾಷಾ ಪರೀಕ್ಷೆಯಲ್ಲಿ ಮಾತನಾಡುವ ಭಾಗವೇ ಇಲ್ಲ. ಹಾಗಾಗಿ ಎನ್4 ಪಾಸಾದವರೂ ಈ ಒಂದು ನಿಮಿಷದಲ್ಲಿ ತೊದಲುವುದುಂಟು.

ಇದನ್ನು ಇಂಗ್ಲಿಷಿನ ಮೂಲಕ ಕಲಿಯುವುದೇ ಮೊದಲ ತಪ್ಪು. ಇಂಗ್ಲಿಷಿನಿಂದ ಹೊರಟರೆ ವಾಕ್ಯವನ್ನು ತಲೆಕೆಳಗು ಮಾಡಬೇಕು. ಕನ್ನಡದಿಂದ ಹೊರಟರೆ ಪದಗಳು ಇದ್ದಲ್ಲೇ ಇರುತ್ತವೆ, ಬಟ್ಟೆ ಮಾತ್ರ ಬದಲಾಗುತ್ತದೆ. ಕನ್ನಡಿಗರು ಎಡವುವುದು ವ್ಯಾಕರಣದಲ್ಲಲ್ಲ, ಮರ್ಯಾದೆಯಲ್ಲಿ. ಮನೆಯವರ ವಿಷಯ ಬಂದಾಗ ಜಪಾನಿನ ಮರ್ಯಾದೆ ನಮ್ಮದಕ್ಕೆ ಎದುರು ದಿಕ್ಕಿನಲ್ಲಿ ಹರಿಯುತ್ತದೆ. ಅದರ ಬಗ್ಗೆ ಮುಂದೆ ನಿಧಾನವಾಗಿ ನೋಡೋಣ.

ಹೆಜ್ಜೆ 1: ಬಾಯಿ ಸರಿ ಮಾಡಿಕೊಳ್ಳಿ

ಜಪಾನಿಯನ್ನು ಬರೆದುಕೊಳ್ಳಲು ಇಂಗ್ಲಿಷ್ ಅಕ್ಷರಗಳಿಗಿಂತ ಕನ್ನಡ ಲಿಪಿ ಎಷ್ಟೋ ವಾಸಿ. ಎ-ಏ, ಒ-ಓ ಎಂಬ ಹ್ರಸ್ವ ದೀರ್ಘಗಳು ನಮ್ಮಲ್ಲಿವೆ, ಒತ್ತಕ್ಷರ ಇದೆ, ಪದದ ಕೊನೆಯ ‘ಅ’ಕಾರವನ್ನು ನಾವು ನುಂಗುವುದಿಲ್ಲ. ಇಲ್ಲಿ ‘ಜ಼’ ಎಂದು ಚುಕ್ಕಿ ಇಟ್ಟಿರುವುದನ್ನು ‘ಝಡ್’ ಧ್ವನಿಯಂತೆ ಓದಿ.

ಪ್ರೌಢಶಾಲೆಯಲ್ಲಿ ಪ್ರಸ್ತಾರ ಹಾಕಿ ಲಘು ಗುರು ಗುರುತಿಸಿದ್ದು ನೆನಪಿದೆಯೇ? ಜಪಾನಿಯ ಲಯ ನಡೆಯುವುದು ಆ ಮಾತ್ರೆಯ ಲೆಕ್ಕದಲ್ಲೇ. ‘ಒಬಸನ್’ ಎಂದರೆ ಅತ್ತೆ, ಚಿಕ್ಕಮ್ಮ ಅಥವಾ ನಡುವಯಸ್ಸಿನ ಹೆಂಗಸು, 4 ಮಾತ್ರೆ. ‘ಒಬಾಸನ್’ ಎಂದರೆ ಅಜ್ಜಿ, 5 ಮಾತ್ರೆ. ‘ಗಕ್ಕೋ’ (ಶಾಲೆ) ಎಂಬಲ್ಲಿ ಎರಡು ಗುರು, 4 ಮಾತ್ರೆ. ಕೊನೆಯ ‘ನ್’ಗೂ ಪೂರ್ತಿ ಒಂದು ಮಾತ್ರೆ ಕೊಡಬೇಕು. ಬೆರಳಿನಿಂದ ಮೇಜು ತಟ್ಟುತ್ತ ಒಂದು ಮಾತ್ರೆಗೆ ಒಂದು ತಟ್ಟಿನಂತೆ ಹೇಳಿ ಅಭ್ಯಾಸ ಮಾಡಿ. ಮಾತ್ರೆ ತಪ್ಪಿ ಮೂವತ್ತೈದರ ಸಹೋದ್ಯೋಗಿಯನ್ನು ಅಜ್ಜಿ ಮಾಡಿದರೆ ಸಾವರಿಸಿಕೊಳ್ಳುವುದು ಕಷ್ಟ.

ನಮ್ಮ ನಾಲಿಗೆಗೆ ಅಂಟಿದ ಅಭ್ಯಾಸಗಳಲ್ಲಿ ಮೂರನ್ನು ಬಿಡಬೇಕು. ಮೊದಲನೆಯದು, ಪದದ ಆರಂಭದ ‘ಎ’ಯನ್ನು ‘ಯೆ’ ಎಂದೂ ‘ಒ’ವನ್ನು ‘ವೊ’ ಎಂದೂ ಎಳೆಯುವುದು. ‘ಯೆಂಜಿನಿಯರ್’, ‘ವೊಂದು’ ಎಂದು ಮಾತಿನಲ್ಲಿ ನಡೆಯುತ್ತದೆ. ಆದರೆ ಜಪಾನಿನ ‘ಏಗ’ (ಸಿನಿಮಾ) ‘ಯೇಗ’ ಆಗಬಾರದು, ‘ಒನೆಗೈ’ ‘ವೊನೆಗೈ’ ಆಗಬಾರದು. ಎರಡನೆಯದು ‘ಅ’. ಜಪಾನಿನ ‘ಅ’ಗೆ ಬಾಯಿ ನಮ್ಮದಕ್ಕಿಂತ ಹೆಚ್ಚು ತೆರೆಯುತ್ತದೆ, ಉದ್ದ ಮಾತ್ರ ಅಷ್ಟೇ. ತೆರೆದ ಧ್ವನಿ ಕೇಳಿ ‘ಆ’ ಎಂದು ಬರೆದುಕೊಂಡವರು ಆಮೇಲೆ ಎಲ್ಲವನ್ನೂ ಎಳೆಯತೊಡಗುತ್ತಾರೆ. ಮೂರನೆಯದು, ವಾಕ್ಯದ ಕೊನೆಯ ‘ಸು’. ಬರಹದಲ್ಲಿ ‘ದೆಸು’, ‘ಮಸು’ ಎಂದಿದ್ದರೂ ಕಿವಿಗೆ ಬೀಳುವುದು ‘ದೆಸ್’, ‘ಮಸ್’. ‘ಕಿಮಶಿತ’ (ಬಂದೆ) ಕೂಡ ‘ಕಿಮಶ್‌ತ’ ಎಂಬಂತೆ ಕೇಳುತ್ತದೆ.

ಹೆಜ್ಜೆ 2: ಹೆಸರನ್ನು ತೀರ್ಮಾನಿಸಿ

ಇದು ಸುಲಭ ಎಂದುಕೊಂಡವರೇ ಹೆಚ್ಚು ಸಿಕ್ಕಿಹಾಕಿಕೊಳ್ಳುತ್ತಾರೆ. ಜಪಾನಿನಲ್ಲಿ ಮನೆತನದ ಹೆಸರು ಮೊದಲು, ಸ್ವಂತ ಹೆಸರು ಆಮೇಲೆ; ಕರೆಯುವುದು ಮನೆತನದ ಹೆಸರಿಗೆ ‘ಸನ್’ ಸೇರಿಸಿ. ನಮ್ಮಲ್ಲಿ ಅನೇಕರಿಗೆ ಮನೆತನದ ಹೆಸರಿಲ್ಲ, ಊರಿನದೋ ತಂದೆಯದೋ ಇನಿಷಿಯಲ್ ಇರುತ್ತದೆ. ಪಾಸ್‌ಪೋರ್ಟಿನಲ್ಲಿ ಆ ಇನಿಷಿಯಲ್ಲನ್ನು ಬಿಡಿಸಿ ಸರ್‌ನೇಮ್ ಜಾಗದಲ್ಲಿ ತಂದೆಯ ಹೆಸರು ಹಾಕಿಸಿದ್ದರೆ, ಜಪಾನಿನ ಕಚೇರಿಯಲ್ಲಿ ದಿನವಿಡೀ ನಿಮ್ಮನ್ನು ನಿಮ್ಮ ತಂದೆಯ ಹೆಸರಿನಿಂದಲೇ ಕೂಗುತ್ತಾರೆ. ಇದನ್ನು ಮೊದಲ ಪರಿಚಯದಲ್ಲೇ ತಪ್ಪಿಸಬಹುದು. ಪೂರ್ತಿ ಹೆಸರು ಒಮ್ಮೆ ಹೇಳಿ, ಕೂಡಲೇ ‘ಚೈತೊರ ತೊ ಯೊಂದೆ ಕುದಸೈ’ ಅನ್ನಿ. ಚೈತ್ರ ಎಂದು ಕರೆಯಿರಿ ಎಂದರ್ಥ. ಕನ್ನಡದ ‘ಎಂದು’ ಎಲ್ಲಿ ಬರುತ್ತದೋ ಅಲ್ಲೇ ಜಪಾನಿಯ ‘ತೊ’ ಬಂದು ಕೂತಿದೆ, ನೋಡಿ.

ಈಗ ಹೆಸರನ್ನು, ಹೊರದೇಶದ ಹೆಸರು, ಪದಗಳನ್ನು ಬರೆಯುವ ಕತಕಾನ ಲಿಪಿಗೆ ಇಳಿಸಬೇಕು. ಅಲ್ಲಿ ‘ನ್’ ಬಿಟ್ಟರೆ ಒಂಟಿ ವ್ಯಂಜನಕ್ಕೆ ಅಕ್ಷರವಿಲ್ಲ, ಆದ್ದರಿಂದ ಸ್ವರ ಸೇರಿಸುತ್ತಾರೆ. ತ, ದ ಕೊನೆಗೆ ಬಂದರೆ ‘ಒ’ ಸೇರುತ್ತದೆ: ಅರವಿಂದ್ ‘ಅರವಿಂದೊ’ ಆಗುತ್ತಾನೆ, ಮಂಜುನಾಥ್ ‘ಮಂಜುನಾತೊ’. ಹೆಚ್ಚಿನ ಉಳಿದ ವ್ಯಂಜನಗಳಿಗೆ ‘ಉ’: ಲಕ್ಷ್ಮಿ ‘ರಕುಶುಮಿ’, ರಮೇಶ್ ‘ರಮೇಶು’. ಲ, ಳ ಎರಡೂ ‘ರ’ ಆಗುತ್ತವೆ, ಣ, ನ ಎರಡೂ ‘ನ’, ಮಹಾಪ್ರಾಣ ಉಳಿಯುವುದಿಲ್ಲ, ‘ಸಿ’ ಬಹುತೇಕ ‘ಶಿ’ ಆಗುತ್ತದೆ. ದೀರ್ಘಕ್ಕೆ ಒಂದು ಗೆರೆ ಎಳೆಯುತ್ತಾರೆ. ಆ ಗೆರೆಯನ್ನು ಬಿಡಬೇಡಿ. ಉಮಾ ಎಂಬಾಕೆ ಗೆರೆ ಬಿಟ್ಟು ‘ಉಮ’ ಎಂದು ಬರೆದರೆ ಅದು ಕುದುರೆ. ಹರಿ ಎಂಬ ಹೆಸರಿಗೆ ಪಾರಾಗುವ ದಾರಿಯಿಲ್ಲ, ಜಪಾನಿಯಲ್ಲಿ ‘ಹರಿ’ ಎಂದರೆ ಸೂಜಿ. ಅದನ್ನೇ ನಗುತ್ತ ಹೇಳಿಬಿಟ್ಟರೆ ಎಲ್ಲರಿಗೂ ಹೆಸರು ನೆನಪಿರುತ್ತದೆ. ಒಮ್ಮೆ ತೀರ್ಮಾನಿಸಿದ ಕತಕಾನ ರೂಪವನ್ನು ಆಮೇಲೆ ಬದಲಿಸಬೇಡಿ. ಬ್ಯಾಂಕ್ ಖಾತೆ, ಬಾಡಿಗೆ ಕರಾರು ಎಲ್ಲ ಕಡೆ ಅದೇ ರೂಪ ಹೊಂದಬೇಕಾಗುತ್ತದೆ.

ನಿಮ್ಮ ಹೆಸರಿಗೆ ನೀವೇ ‘ಸನ್’ ಹಚ್ಚಿಕೊಳ್ಳಬಾರದು. ನಾವು ‘ನಾನು ರಮೇಶರವರು’ ಅನ್ನುವುದಿಲ್ಲವಲ್ಲ, ಹಾಗೆ.

ಹೆಜ್ಜೆ 3: ಆರಂಭ ಮತ್ತು ಊರು

ಆರಂಭದ ಮಾತು ಒಂದೇ: ‘ಹಜಿಮೆಮಶಿತೆ’. ಮೊದಲ ಬಾರಿ ಭೇಟಿಯಾಗುತ್ತಿದ್ದೇವೆ ಎಂಬ ಅರ್ಥ ಅದರಲ್ಲೇ ಇದೆ, ಹಾಗಾಗಿ ಎರಡನೆಯ ಸಲ ಸಿಕ್ಕವರಿಗೆ ಹೇಳುವಂತಿಲ್ಲ. ಆಮೇಲೆ ಹೆಸರು. ತರಗತಿಯಲ್ಲಿ ‘ಚೈತೊರ ದೆಸ್’ ಸಾಕು, ದೊಡ್ಡವರ ಮುಂದೆ ‘ಚೈತೊರ ತೊ ಮೋಶಿಮಸ್’. ‘ವತಶಿ ವ’ (ನಾನು) ಎಂದು ಪ್ರತಿ ವಾಕ್ಯದಲ್ಲೂ ಹೇಳುವುದು ಇಂಗ್ಲಿಷಿನ ಚಟ. ಕನ್ನಡದಲ್ಲಿ ‘ಶಿವಮೊಗ್ಗದಿಂದ ಬಂದಿದ್ದೇನೆ’ ಎಂದರೆ ‘ನಾನು’ ಬೇಕಿಲ್ಲ, ಅಲ್ಲೂ ಬೇಕಿಲ್ಲ. ಇಡೀ ಪರಿಚಯದಲ್ಲಿ ಒಂದು ಬಾರಿ ಬಂದರೆ ಹೆಚ್ಚು.

ಊರಿಗೆ ಬಂದರೆ, ‘ಇಂದೊ ನೊ ಕರುನಾತಕ-ಶೂ ಕರ ಕಿಮಶಿತ’. ಭಾರತದ ಕರ್ನಾಟಕ ರಾಜ್ಯದಿಂದ ಬಂದೆ. ‘ನೊ’ ನಮ್ಮ ಷಷ್ಠಿ, ‘ಕರ’ ನಮ್ಮ ‘ಇಂದ’, ‘ಶೂ’ ರಾಜ್ಯ. ಊರಿನ ಹೆಸರು ಕೇಳುವವರಿಗೆ ಗೊತ್ತಿಲ್ಲದಿದ್ದರೆ ‘ಎಂಬ’ ಬೇಕು, ಅದಕ್ಕೆ ‘ತೊ ಇಉ’ ಇದೆ: ‘ಶುಸ್ಶಿನ್ ವ ಶಿವಮೊಗ್ಗ ತೊ ಇಉ ಮಚಿ ದೆಸ್’. ಹುಟ್ಟೂರು ಶಿವಮೊಗ್ಗ ಎಂಬ ಪಟ್ಟಣ. ಹಳ್ಳಿಯಾದರೆ ಮಚಿ ಬದಲು ‘ಮುರ’. ಅಮೆರಿಕದಲ್ಲೋ ಮುಂಬಯಿಯಲ್ಲೋ ಬೆಳೆದ ಕನ್ನಡಿಗರು ಶುಸ್ಶಿನ್ ಜಾಗದಲ್ಲಿ ಬೆಳೆದ ಊರನ್ನು ಹೇಳಿ, ‘ಬೊಗೊ ವ ಕನ್ನಡ-ಗೊ ದೆಸ್’ (ತಾಯ್ನುಡಿ ಕನ್ನಡ) ಎಂದು ಸೇರಿಸಿದರೆ ಚಿತ್ರ ಪೂರ್ತಿಯಾಗುತ್ತದೆ. ಭಾರತ ಎಂದರೆ ಹಿಂದಿ ಎಂದುಕೊಂಡ ಕೇಳುಗರು ಇಲ್ಲೇ ಕಿವಿ ನಿಮಿರಿಸುತ್ತಾರೆ.

ಓದಿನ ವಿಷಯ ಒಂದೇ ವಾಕ್ಯ. ‘ದೈಗಕು ದೆ ಜೋಹೋ ಕೋಗಕು ಒ ಬೆಂಕ್ಯೋ ಶಿತೆ ಇಮಸ್’, ಕಾಲೇಜಿನಲ್ಲಿ ಇನ್ಫರ್ಮೇಶನ್ ಎಂಜಿನಿಯರಿಂಗ್ ಓದುತ್ತಿದ್ದೇನೆ. ಪಿಯುಸಿ ಎಂದರೆ ಅಲ್ಲಿ ಯಾರಿಗೂ ತಿಳಿಯದು. ‘ಕೋಕೋಸೇ’ (ಹೈಸ್ಕೂಲು ವಿದ್ಯಾರ್ಥಿ) ಎನ್ನಿ, ಅಲ್ಲಿನ ಕೋಕೋ ಹನ್ನೆರಡನೆಯ ತರಗತಿಯವರೆಗೆ ನಡೆಯುತ್ತದೆ. ವಯಸ್ಸು ಹೇಳಬೇಕೆಂದರೆ ಸಂಖ್ಯೆಗೆ ‘ಸೈ’, ಆದರೆ ಇಪ್ಪತ್ತಕ್ಕೆ ಮಾತ್ರ ‘ಹತಚಿ’ ಎಂಬ ಬೇರೆಯೇ ಪದ.

ಹೆಜ್ಜೆ 4: ಮನೆಯವರು

ಮೊದಲು ಲೆಕ್ಕ. ಮನುಷ್ಯರನ್ನು ಎಣಿಸಲು ಕನ್ನಡದಲ್ಲಿ ಬೇರೆ ಪದಗಳಿವೆ: ಒಬ್ಬರು, ಇಬ್ಬರು, ಮೂವರು, ನಾಲ್ವರು, ಐವರು. ಜಪಾನಿಯಲ್ಲೂ ಹಾಗೆಯೇ: ‘ಹಿತೊರಿ, ಫ಼ುತರಿ, ಸನ್‌ನಿನ್, ಯೊನಿನ್, ಗೊನಿನ್’. ನಾಲ್ಕಕ್ಕೆ ‘ಶಿ’ ಎಂಬ ಇನ್ನೊಂದು ಉಚ್ಚಾರವಿದೆಯೆಂದು ‘ಶಿನಿನ್’ ಅನ್ನಬೇಡಿ, ಹಾಗೆಂದರೆ ಸತ್ತವರು. ‘ಯೊನ್‌ನಿನ್’ ಕೂಡ ತಪ್ಪು, ‘ಯೊನಿನ್’ ಸರಿ.

‘ಕಜ಼ೊಕು ವ ಯೊನಿನ್ ದೆಸ್’ ಎಂದರೆ ನಮ್ಮ ಮನೆಯಲ್ಲಿ ನಾಲ್ವರು, ನಿಮ್ಮನ್ನೂ ಸೇರಿಸಿ. ಒಡಹುಟ್ಟಿದವರ ಲೆಕ್ಕದಲ್ಲಿ ಒಂದು ಬಲೆ ಇದೆ. ‘ಸನ್‌ನಿನ್ ಕ್ಯೋದೈ ದೆಸ್’ ಎಂದರೆ ನಿಮ್ಮನ್ನು ಸೇರಿಸಿ ಮೂವರು ಮಕ್ಕಳು. ‘ಕ್ಯೋದೈ ಗ ಸನ್‌ನಿನ್ ಇಮಸ್’ ಎಂದರೆ ನಿಮ್ಮನ್ನು ಬಿಟ್ಟು ಮೂವರು. ಪದಗಳ ಕ್ರಮ ಬದಲಾದರೆ ಮನೆಗೆ ಒಂದು ಮಗು ಹೆಚ್ಚುತ್ತದೆ.

‘ಇಮಸ್’ ಎಂಬುದು ಜೀವ ಇರುವುದಕ್ಕೆ, ‘ಅರಿಮಸ್’ ವಸ್ತುಗಳಿಗೆ. ‘ಅಣ್ಣ ಇದ್ದಾನೆ, ಕಂಪ್ಯೂಟರ್ ಇದೆ’ ಎಂಬ ನಮ್ಮ ಭೇದವೇ, ಆದರೆ ಗೆರೆ ಎಳೆದ ಜಾಗ ಬೇರೆ. ನಾವು ‘ಮನೆಯಲ್ಲಿ ನಾಯಿ ಇದೆ’ ಎಂದು ನಾಯಿಯನ್ನು ಕಂಪ್ಯೂಟರಿನ ಸಾಲಿಗೆ ಸೇರಿಸುತ್ತೇವೆ. ಜಪಾನಿಯಲ್ಲಿ ನಾಯಿ ಅಣ್ಣನ ಜೊತೆಗೆ: ‘ಇನು ಗ ಇಮಸ್’. ‘ಇನು ಗ ಅರಿಮಸ್’ ಎಂದರೆ ಬೊಂಬೆ ನಾಯಿ ಎಂದೇ ಕೇಳಿಸುತ್ತದೆ.

ಇನ್ನು ಸಂಬಂಧದ ಹೆಸರುಗಳು. ಇಂಗ್ಲಿಷಿಗೆ ಬ್ರದರ್ ಎಂಬ ಒಂದೇ ಪದ ಸಾಕು, ನಮಗೆ ಅಣ್ಣ ತಮ್ಮ ಬೇರೆ. ಜಪಾನಿಗರಿಗೂ ಬೇರೆ. ಅಣ್ಣ ‘ಅನಿ’, ಅಕ್ಕ ‘ಅನೆ’, ತಮ್ಮ ‘ಒತೋತೊ’, ತಂಗಿ ‘ಇಮೋತೊ’. ತಂದೆ ‘ಚಿಚಿ’, ತಾಯಿ ‘ಹಹ’, ಇಬ್ಬರೂ ಸೇರಿ ‘ರ್ಯೋಶಿನ್’. ಅಜ್ಜ ‘ಸೊಫ಼ು’, ಅಜ್ಜಿ ‘ಸೊಬೊ’. ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಎಲ್ಲರಿಗೂ ಬಾಯಲ್ಲಿ ‘ಒಜಿ’ ಒಂದೇ; ಬರೆಯುವಾಗ ಮಾತ್ರ ತಂದೆತಾಯಿಗಿಂತ ಹಿರಿಯರಿಗೆ ಒಂದು ಕಂಜಿ (ಚೀನೀ ಮೂಲದ ಅಕ್ಷರ), ಕಿರಿಯರಿಗೆ ಇನ್ನೊಂದು. ದೊಡ್ಡಪ್ಪನ ಮಗನನ್ನು ನಾವು ಅಣ್ಣ ಎಂದೇ ಕರೆಯುತ್ತೇವೆ, ಜಪಾನಿಯಲ್ಲಿ ಆತ ‘ಇತೊಕೊ’. ‘ಅನಿ’ ಎಂದುಬಿಟ್ಟರೆ, ಕಜ಼ೊಕು ನಾಲ್ವರು ಎಂದವರಿಗೆ ಅಣ್ಣಂದಿರೇ ಆರು ಜನ ಹೇಗೆ ಎಂದು ಕೇಳುಗರು ಬೆರಳು ಮಡಿಸುತ್ತಾರೆ. ಕೂಡು ಕುಟುಂಬವಾದರೆ ‘ದೈಕಜ಼ೊಕು ದೆಸ್’ ಎಂದು ಹೇಳಿ ಲೆಕ್ಕ ಬಿಟ್ಟುಬಿಡುವುದು ಜಾಣತನ.

ಮರ್ಯಾದೆಯ ವಿಷಯ ಈಗ. ಕನ್ನಡದಲ್ಲಿ ಹೊರಗಿನವರ ಮುಂದೆ ತಂದೆಯ ಬಗ್ಗೆ ಮಾತನಾಡುವಾಗ ‘ನಮ್ಮ ತಂದೆಯವರು ರಿಟೈರ್ ಆಗಿದ್ದಾರೆ’ ಎಂದು ಬಹುವಚನ ಹಾಕುತ್ತೇವೆ. ಏಕವಚನ ಬಳಸಿದರೆ ಬೆಳೆಸಿದ ರೀತಿ ಸರಿಯಿಲ್ಲ ಅನ್ನುತ್ತಾರೆ. ಜಪಾನಿನಲ್ಲಿ ಮನೆಯವರೆಲ್ಲ ‘ಉಚಿ’, ಒಳಗಿನವರು. ಕೇಳುವವರು ‘ಸೊತೊ’, ಹೊರಗಿನವರು. ಹೊರಗಿನವರ ಎದುರು ಒಳಗಿನವರನ್ನು ತಗ್ಗಿಸಿಯೇ ಹೇಳಬೇಕು, ತಂದೆಯಾದರೂ ಸರಿ, ಅಜ್ಜನಾದರೂ ಸರಿ. ಅದಕ್ಕೇ ಬರಿಯ ‘ಚಿಚಿ’, ಬರಿಯ ‘ಹಹ’. ಗೌರವದ ‘ಒತೋಸನ್, ಒಕಾಸನ್, ಒನೀಸನ್, ಒನೇಸನ್’ ರೂಪಗಳು ಎದುರಿನವರ ಮನೆಯವರಿಗೆ ಮೀಸಲು. ‘ಒತೋಸನ್ ವ ಕೈಶಇನ್ ದೆಸ್’ ಎಂದು ನಿಮ್ಮ ತಂದೆಯ ಬಗ್ಗೆ ಹೇಳಿದರೆ ಅರ್ಥವಾಗುತ್ತದೆ, ಆದರೆ ಚಿಕ್ಕ ಹುಡುಗ ‘ನಮ್ಮಪ್ಪಾಜಿ ಆಫೀಸಿಗೆ ಹೋಗ್ತಾರೆ’ ಅಂದ ಹಾಗೆ ಕೇಳುತ್ತದೆ.

ಅನಿಮೆ (ಜಪಾನಿನ ಕಾರ್ಟೂನು) ನೋಡಿ ಕಲಿತವರಲ್ಲಿ ಈ ತಪ್ಪು ಹೆಚ್ಚು, ಕಾರಣವೂ ಸ್ಪಷ್ಟ. ಪಾತ್ರಗಳು ಮನೆಯೊಳಗೆ ‘ಒಕಾಸನ್’, ‘ಒನೀಚನ್’ ಎಂದು ಕೂಗುವುದು ಕಿವಿಗೆ ಬಿದ್ದಿರುತ್ತದೆ. ಅದು ಕರೆಯುವ ರೀತಿ. ಮನೆಯೊಳಗೆ ಅವರೂ ನಮ್ಮಂತೆಯೇ: ಹಿರಿಯರನ್ನು ಸಂಬಂಧದಿಂದ, ಕಿರಿಯರನ್ನು ಹೆಸರಿನಿಂದ ಕರೆಯುತ್ತಾರೆ. ಹೊಸ್ತಿಲು ದಾಟಿದ ಮೇಲೆ ಪದ ಬದಲಾಗುತ್ತದೆ.

ಕೆಲಸದ ಹೆಸರಿಗೂ ಇದೇ ನಿಯಮ. ತಾಯಿ ಟೀಚರಾದರೆ ‘ಹಹ ವ ಕ್ಯೋಶಿ ದೆಸ್’. ‘ಸೆನ್ಸೇ’ ಎನ್ನುವುದು ಬೇರೆಯವರು ಆಕೆಗೆ ಕೊಡುವ ಗೌರವ, ನೀವು ಕೊಡುವಂತಿಲ್ಲ. ಉಳಿದವು: ಬೇಸಾಯ ‘ನೋಗ್ಯೋ ಒ ಶಿತೆ ಇಮಸ್’, ಸರಕಾರಿ ನೌಕರ ‘ಕೋಮುಇನ್’, ಬ್ಯಾಂಕ್ ನೌಕರ ‘ಗಿಂಕೋಇನ್’, ಕಂಪನಿ ನೌಕರ ‘ಕೈಶಇನ್’, ಅಂಗಡಿ ಅಥವಾ ಸ್ವಂತ ವ್ಯವಹಾರ ‘ಜಿಏಗ್ಯೋ’, ಗೃಹಿಣಿ ‘ಶುಫ಼ು’, ನಿವೃತ್ತರಾದವರು ‘ತೈಶೊಕು ಶಿಮಶಿತ’. ತೀರಿಹೋದವರ ಬಗ್ಗೆ ಕೇಳಿದರೆ ‘ನಕುನರಿಮಶಿತ’. ‘ಶಿನಿಮಶಿತ’ (ಸತ್ತರು) ಒರಟು. ತಂದೆತಾಯಿಯ ಹೆಸರು, ಜಾತಿ, ಜಮೀನು, ಅಕ್ಕನ ಮದುವೆ ಯಾವೂರಿಗೆ ಎಂಬ ವಿವರ ಯಾರೂ ನಿರೀಕ್ಷಿಸುವುದಿಲ್ಲ. ಮನೆಯವರಿಗೆ ಎರಡು ವಾಕ್ಯ, ಹೆಚ್ಚೆಂದರೆ ಮೂರು.

ಉದ್ಯೋಗದ ಸಂದರ್ಶನದಲ್ಲಿ ಆ ಎರಡನ್ನೂ ಕೈಬಿಡಿ. ನಮ್ಮ ಕ್ಯಾಂಪಸ್ ಇಂಟರ್‌ವ್ಯೂಗಳಲ್ಲಿ ‘ಫ್ಯಾಮಿಲಿ ಬ್ಯಾಕ್‌ಗ್ರೌಂಡ್’ ಹೇಳಿಸುವುದು ರೂಢಿ. ಜಪಾನಿನ ಆರೋಗ್ಯ, ಕಾರ್ಮಿಕ ಮತ್ತು ಕಲ್ಯಾಣ ಸಚಿವಾಲಯ ಮಾತ್ರ, ನೇಮಕಾತಿಯಲ್ಲಿ ಅಭ್ಯರ್ಥಿಯ ಮೂಲಸ್ಥಳ, ಮನೆಯವರ ಕೆಲಸ ಇಂಥವನ್ನು ಕೇಳಬಾರದೆಂದು ಮಾಲೀಕರಿಗೆ ಸೂಚಿಸುತ್ತದೆ. ಅವು ವ್ಯಕ್ತಿಯ ಹೊಣೆಯಲ್ಲದ ಸಂಗತಿಗಳು ಎಂಬುದು ಕಾರಣ. ನೀವಾಗಿ ಹೇಳಿದರೆ ಎದುರಿನವರಿಗೆ ಮುಜುಗರ.

ಹೆಜ್ಜೆ 5: ಹವ್ಯಾಸ

ಇದಕ್ಕೆ ಎರಡು ಅಚ್ಚುಗಳಿವೆ. ಒಂದು, ‘ಶುಮಿ ವ ಅನಿಮೆ ಒ ಮಿರು ಕೊತೊ ದೆಸ್’. ‘ಹವ್ಯಾಸ ಅನಿಮೆ ನೋಡುವುದು’ ಎನ್ನುವಾಗಿನ ‘-ವುದು’ ಇಲ್ಲಿ ‘ಕೊತೊ’. ಇದನ್ನು ಬಿಟ್ಟು ‘ಶುಮಿ ವ ಅನಿಮೆ ಒ ಮಿಮಸ್’ ಎಂದರೆ ‘ನನ್ನ ಹವ್ಯಾಸ ಅನಿಮೆ ನೋಡುತ್ತೇನೆ’ ಎಂದಂತೆ. ಕನ್ನಡದಲ್ಲಿ ಎಷ್ಟು ತಪ್ಪೋ ಅಲ್ಲೂ ಅಷ್ಟೇ ತಪ್ಪು. ಇನ್ನೊಂದು, ‘ಅನಿಮೆ ಗ ಸುಕಿ ದೆಸ್’. ಇಷ್ಟವಾದದ್ದಕ್ಕೆ ‘ಒ’ (ಅನ್ನು) ಬರುವುದಿಲ್ಲ, ‘ಗ’ ಬರುತ್ತದೆ. ಇಂಗ್ಲಿಷಿನಿಂದ ಬಂದವರಿಗೆ ಇದು ಒಗಟು. ‘ನನಗೆ ಅನಿಮೆ ಇಷ್ಟ’ ಎನ್ನುವ ನಮಗೆ ಅಲ್ಲ, ಏಕೆಂದರೆ ನಾವೂ ‘ಅನಿಮೆಯನ್ನು ಇಷ್ಟ’ ಅನ್ನುವುದಿಲ್ಲ.

ಬರಿದೆ ‘ಅನಿಮೆ ಇಷ್ಟ’ ಎಂದರೆ ಅದೊಂದು ಸತ್ತ ವಾಕ್ಯ. ಜಪಾನಿನಲ್ಲಿ ‘ಅನಿಮೆ’ ಎಂದರೆ ಎಲ್ಲ ಬಗೆಯ ಕಾರ್ಟೂನು, ಯಾವ ದೇಶದ್ದಾದರೂ. ಒಂದು ಹೆಸರು ಹೇಳಿ, ಅಲ್ಲಿನ ಹೆಸರನ್ನೇ ಹೇಳಿ. ಇಲ್ಲಿ ಅಟ್ಯಾಕ್ ಆನ್ ಟೈಟನ್ ಎಂದು ನೋಡಿದ್ದು ಅಲ್ಲಿ ‘ಶಿಂಗೆಕಿ ನೊ ಕ್ಯೊಜಿನ್’; ಡೀಮನ್ ಸ್ಲೇಯರ್ ಎಂದರೆ ‘ಕಿಮೆತ್ಸು ನೊ ಯೈಬ’; ಸ್ಪಿರಿಟೆಡ್ ಅವೇ ಎಂದರೆ ‘ಸೆನ್ ತೊ ಚಿಹಿರೊ ನೊ ಕಮಿಕಕುಶಿ’. ಇಂಗ್ಲಿಷ್ ಹೆಸರು ಹೇಳಿ, ಯಾರಿಗೂ ತಿಳಿಯದೆ, ಜಪಾನಿಗರಿಗೇ ಅನಿಮೆ ಗೊತ್ತಿಲ್ಲವೇ ಎಂದು ಪೆಚ್ಚಾಗುವುದು ಮಾಮೂಲು. ದೊರಎಮೊನ್, ನರುತೊ ಇಂಥವಕ್ಕೆ ಈ ತೊಡಕಿಲ್ಲ. ಭಾರತದ ನಂಟು ಹೇಳಬೇಕೆಂದಿದ್ದರೆ ಯೂಗೊ ಸಾಕೊ ಮತ್ತು ರಾಮ್ ಮೋಹನ್ ನಿರ್ದೇಶಿಸಿ 1990ರ ದಶಕದ ಆರಂಭದಲ್ಲಿ ಬಂದ ರಾಮಾಯಣದ ಅನಿಮೆ ಇದೆ. ಅಲ್ಲಿನ ಹೆಸರಲ್ಲಿ ‘ರಾಮ ಓಜಿ ದೆನ್‌ಸೆತ್ಸು’, ರಾಜಕುಮಾರ ರಾಮನ ದಂತಕಥೆ, ಎಂಬ ಭಾಗವಿದೆ.

‘ಒತಕು’ ಎಂಬ ಪದದ ಬಗ್ಗೆ ಎಚ್ಚರ. ಮೂಲದಲ್ಲಿ ಅದು ‘ತಮ್ಮ ಮನೆ, ತಾವು’ ಎಂಬ ಗೌರವದ ಮಾತು. 1980ರ ದಶಕದಲ್ಲಿ, ಒಂದೇ ಗೀಳಿನಲ್ಲಿ ಮುಳುಗಿದವರನ್ನು ಹಂಗಿಸುವ ಹೆಸರಾಯಿತು. ಈಗ ಗೆಳೆಯರ ನಡುವೆ ‘ಅನಿಮೆ ಒತಕು ದೆಸ್’ ಎಂದರೆ ನಗೆಯಲ್ಲಿ ಹೋಗುತ್ತದೆ. ಕಚೇರಿಯಲ್ಲಿ ‘ಅನಿಮೆ ಗ ದೈಸುಕಿ ದೆಸ್’ (ತುಂಬಾ ಇಷ್ಟ) ಸಾಕು. ಹಾಗೆಯೇ ಅನಿಮೆಯಲ್ಲಿ ಕಲಿತ ‘ಒರೆ’ (ನಾನು, ಗತ್ತಿನಿಂದ), ‘ಒಮಎ’, ‘ತೆಮೇ’ (ನೀನು, ಜಗಳದಲ್ಲಿ) ಇವನ್ನು ಅಲ್ಲೇ ಬಿಟ್ಟು ಬನ್ನಿ. ‘ವತಶಿ’ ಯಾರಿಗೂ ಯಾವಾಗಲೂ ಸರಿ. ಹುಡುಗರು ಗೆಳೆಯರಲ್ಲಿ ‘ಬೊಕು’ ಬಳಸಬಹುದು. ಕೇಳುಗರನ್ನು ‘ಅನತ’ ಎನ್ನುವುದೂ ಬೇಡ. ನಮ್ಮ ‘ನೀವು’ ಇದ್ದಷ್ಟು ಸುರಕ್ಷಿತವಲ್ಲ ಅದು. ಹೆಸರಿಗೆ ‘ಸನ್’ ಸೇರಿಸಿ ಕರೆಯಿರಿ.

ಕಂಪ್ಯೂಟರ್ ಹವ್ಯಾಸಿಗಳಿಗೆ ಪದಕೋಶವೇ ಬೇರೆ. ಮನೆಯ ಕಂಪ್ಯೂಟರಿಗೆ ‘ಪಸೊಕೊನ್’, ಪರ್ಸನಲ್ ಕಂಪ್ಯೂಟರ್ ಎಂಬುದನ್ನು ಕತ್ತರಿಸಿ ಕಟ್ಟಿದ್ದು. ಲ್ಯಾಪ್‌ಟಾಪ್ ‘ನೋತೊ ಪಸೊಕೊನ್’. ಬಿಡಿಭಾಗ ತಂದು ಸ್ವತಃ ಜೋಡಿಸಿದ್ದು ‘ಜಿಸಕು ಪಸೊಕೊನ್’, ಜೋಡಿಸುವುದು ‘ಕುಮಿತತೆರು’. ಮದರ್‌ಬೋರ್ಡ್ ‘ಮಜ಼ಾಬೋದೊ’, ಗ್ರಾಫಿಕ್ಸ್ ಕಾರ್ಡ್ ‘ಗುರಫ಼ಿಕ್ಕು ಬೋದೊ’, ರ‍್ಯಾಮ್ ‘ಮೆಮೊರಿ’, ಪವರ್ ಸಪ್ಲೈ ‘ದೆಂಗೆನ್’. ಪೈಥಾನ್ ‘ಪೈಸೊನ್’ ಆಗುತ್ತದೆ, ಲಿನಕ್ಸ್ ‘ರಿನಕ್ಕುಸು’. ಇಂಗ್ಲಿಷಿನಂತೆ ಹೇಳಿದರೆ ಅರ್ಥವಾಗುತ್ತದೆಂದು ನಂಬಬೇಡಿ. ಅಕ್ಷರ ಬಿಡಿಸಿ, ಮಾತ್ರೆ ಎಣಿಸಿ ಹೇಳಿದರೆ ಮಾತ್ರ ಅದು ಅವರ ಪದ.

ಒಂದು ನಿಜವಾದ ಸಂಗತಿ ಸೇರಿಸಿ: ‘ಪೈಸೊನ್ ದೆ ಚೀಸನ ಗೇಮು ಒ ತ್ಸುಕುರಿಮಶಿತ’ (ಪೈಥಾನಿನಲ್ಲಿ ಪುಟ್ಟ ಆಟ ಮಾಡಿದೆ). ‘ಕಂಪ್ಯೂಟರಿನಲ್ಲಿ ಆಸಕ್ತಿ’ ಎಂಬ ಸಪ್ಪೆ ಮಾತಿಗಿಂತ ಇದಕ್ಕೆ ಪ್ರಶ್ನೆಗಳು ಬರುತ್ತವೆ. ನಿಮ್ಮ ಕೌಶಲದ ಬಗ್ಗೆ ‘ಜೋಜ಼ು’ ಬಳಸಬಾರದು, ಅದು ಬೇರೆಯವರನ್ನು ಹೊಗಳುವ ಪದ. ‘ಪುರೊಗುರಮಿಂಗು ಗ ತೊಕುಇ ದೆಸ್’ ಎನ್ನಿ, ಅದು ನನಗೆ ಚೆನ್ನಾಗಿ ಬರುತ್ತದೆ ಎಂದು ತನ್ನ ಬಗ್ಗೆ ಹೇಳಿಕೊಳ್ಳುವ ದಾರಿ.

ಎರಡೂ ಹವ್ಯಾಸಗಳನ್ನು ಒಂದೇ ದಾರಕ್ಕೆ ಪೋಣಿಸಲು ಟೋಕಿಯೊದ ಅಕಿಹಬರ ಇದೆ. ಯುದ್ಧಾನಂತರ ರೇಡಿಯೊ ಬಿಡಿಭಾಗಗಳ ಸಂತೆಯಾಗಿ ಬೆಳೆದು, ಆಮೇಲೆ ಗೃಹೋಪಕರಣ, ಕಂಪ್ಯೂಟರ್‌ಗಳ ಪೇಟೆಯಾಗಿ, ಕೊನೆಗೆ ಅನಿಮೆ ಅಂಗಡಿಗಳ ಬೀದಿಯಾದ ಜಾಗ, ನಮ್ಮ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರಸ್ತೆಗೆ ಬೊಂಬೆ ಅಂಗಡಿ, ಕಾಮಿಕ್ಸ್ ಅಂಗಡಿ ಸೇರಿಸಿದಂತೆ. ‘ಇತ್ಸುಕ ಅಕಿಹಬರ ನಿ ಇತ್ತೆ ಮಿತೈ ದೆಸ್’, ಎಂದಾದರೂ ಅಕಿಹಬರಕ್ಕೆ ಹೋಗಿ ನೋಡಬೇಕು. ‘ಇತ್ತೆ ಮಿರು’ ಎಂದರೆ ಅಕ್ಷರಶಃ ‘ಹೋಗಿ ನೋಡು’. ತಿಂದು ನೋಡು, ಮಾಡಿ ನೋಡು ಎಂದು ನಾವು ಪ್ರಯತ್ನಕ್ಕೆ ‘ನೋಡು’ ಹಚ್ಚುವುದನ್ನು ಅವರೂ ಹಾಗೇ ಹಚ್ಚುತ್ತಾರೆ.

ಹೆಜ್ಜೆ 6: ಜೋಡಿಸಿ, ಅಳೆಯಿರಿ

ಶಿವಮೊಗ್ಗದ ಒಬ್ಬ ವಿದ್ಯಾರ್ಥಿನಿಯ ಮಾದರಿ ಇಲ್ಲಿದೆ. ನಿಮ್ಮ ವಿವರಗಳನ್ನು ತುಂಬಿಕೊಳ್ಳಿ.

ಹಜಿಮೆಮಶಿತೆ. ಚೈತೊರ ತೊ ಮೋಶಿಮಸ್. ಇಂದೊ ನೊ ಕರುನಾತಕ-ಶೂ ಕರ ಕಿಮಶಿತ. ಶುಸ್ಶಿನ್ ವ ಶಿವಮೊಗ್ಗ ತೊ ಇಉ ಮಚಿ ದೆಸ್. ಇಮ, ದೈಗಕು ದೆ ಜೋಹೋ ಕೋಗಕು ಒ ಬೆಂಕ್ಯೋ ಶಿತೆ ಇಮಸ್. ಕಜ಼ೊಕು ವ ಗೊನಿನ್ ದೆಸ್. ಸೊಬೊ ತೊ ರ್ಯೋಶಿನ್ ತೊ ಒತೋತೊ ಗ ಇಮಸ್. ಚಿಚಿ ವ ನೋಗ್ಯೋ ಒ ಶಿತೆ ಇತೆ, ಹಹ ವ ಶೋಗಕ್ಕೋ ನೊ ಕ್ಯೋಶಿ ದೆಸ್. ಶುಮಿ ವ ಅನಿಮೆ ಒ ಮಿರು ಕೊತೊ ತೊ, ಪಸೊಕೊನ್ ಒ ಕುಮಿತತೆರು ಕೊತೊ ದೆಸ್. ಕ್ಯೊನೆನ್, ಒತೋತೊ ತೊ ಇಶ್ಶೊ ನಿ ಇಚಿದೈ ಕುಮಿತತೆಮಶಿತ. ಇತ್ಸುಕ ಅಕಿಹಬರ ನಿ ಇತ್ತೆ ಮಿತೈ ದೆಸ್. ದೋಜ಼ೊ ಯೊರೊಶಿಕು ಒನೆಗೈ ಶಿಮಸ್.

ಅಜ್ಜಿ, ತಂದೆ, ತಾಯಿ, ತಮ್ಮ, ತಾನು: ಐವರು ಸರಿಹೋಯಿತು. ‘ಇಚಿದೈ’ ಎಂದರೆ ಒಂದು, ಯಂತ್ರಗಳನ್ನು ಎಣಿಸುವ ರೀತಿ. ಕೊನೆಯ ‘ಯೊರೊಶಿಕು ಒನೆಗೈ ಶಿಮಸ್’ಗೆ ಕನ್ನಡದಲ್ಲಿ ಒಂದೇ ಪದವಿಲ್ಲ; ಸ್ವಲ್ಪ ನೋಡಿಕೊಳ್ಳಿ, ನಿಮ್ಮ ಸಹಕಾರವಿರಲಿ ಎಂಬ ಭಾವ. ಅದನ್ನು ಬಿಟ್ಟು ‘ಅರಿಗತೋ’ ಎಂದು ಮುಗಿಸಿದರೆ ಕೇಳುಗರು ಇನ್ನೂ ಏನೋ ಬರುತ್ತದೆಂದು ಕಾಯುತ್ತಾರೆ.

ಕಂಪನಿಗೆ ಸೇರಿದ ಮೊದಲ ದಿನವಾದರೆ ಮನೆಯವರ ವಾಕ್ಯಗಳನ್ನು ತೆಗೆದು, ಹೆಸರಿನ ನಂತರ ‘ಹೊನ್‌ಜಿತ್ಸು ಕರ ಒಸೆವ ನಿ ನರಿಮಸ್’ (ಇಂದಿನಿಂದ ನಿಮ್ಮ ಆಸರೆಗೆ ಬಂದಿದ್ದೇನೆ) ಸೇರಿಸಿ. ಹವ್ಯಾಸಕ್ಕೆ ಒಂದೇ ವಾಕ್ಯ.

ಜಪಾನಿನಲ್ಲಿ ಭಾಷಣಕ್ಕೆ ನಿಮಿಷಕ್ಕೆ ಸುಮಾರು 300 ಅಕ್ಷರ ಎಂಬ ಅಳತೆ ಹೇಳುತ್ತಾರೆ. ಹೊಸಬರು 200ಕ್ಕೆ ಇಳಿಸಿಕೊಂಡರೆ ಉಸಿರು ಸಿಗುತ್ತದೆ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಮೂರು ಸಲ ಕೇಳಿ: ಮೊದಲ ಸಲ ದೀರ್ಘಗಳಿಗೆ ಮಾತ್ರ ಕಿವಿ ಕೊಡಿ, ಎರಡನೆಯ ಸಲ ‘ಯೆ-ವೊ’ ನುಸುಳಿದೆಯೇ ನೋಡಿ, ಮೂರನೆಯ ಸಲ ಹೊತ್ತು. 45ರಿಂದ 60 ಸೆಕೆಂಡಿನೊಳಗೆ ಇರಲಿ. ಬಾಯಿಪಾಠ ಮಾಡಿದವರು ವಾಕ್ಯದ ಬಾಲವನ್ನು ಓಡಿಸುತ್ತಾರೆ. ‘ದೆಸ್’ ಆದ ಮೇಲೆ ಒಂದು ಉಸಿರು ನಿಲ್ಲಿ.

ಹೆಜ್ಜೆ 7: ನಿಲ್ಲುವುದು, ಬಾಗುವುದು

ಕೈ ಮುಗಿಯಬೇಡಿ. ಜಪಾನಿನಲ್ಲಿ ಕೈ ಜೋಡಿಸುವುದು ದೇವರ ಮುಂದೆ, ಊಟಕ್ಕೆ ಮುಂಚೆ. ಮನುಷ್ಯರ ಪರಿಚಯಕ್ಕೆ ಬಾಗುವುದೇ ರೂಢಿ. ಗಂಡಸರು ಕೈಯನ್ನು ತೊಡೆಯ ಪಕ್ಕಕ್ಕೆ, ಹೆಂಗಸರು ಮುಂದೆ ಒಂದರ ಮೇಲೊಂದು ಇಡುತ್ತಾರೆ. ಸೊಂಟದಿಂದ ಸುಮಾರು 30 ಡಿಗ್ರಿ ಬಾಗಿ. ಕತ್ತು ಮಾತ್ರ ಬಗ್ಗಿಸುವುದಲ್ಲ. ಮಾತು ಮುಗಿಸಿ ಆಮೇಲೆ ಬಾಗಬೇಕು. ಬಾಗುತ್ತಲೇ ‘ಒನೆಗೈ ಶಿಮಸ್’ ಎಂದರೆ ಆ ಮಾತು ನೆಲಕ್ಕೆ ಕೇಳಿಸುತ್ತದೆ, ಎದುರಿನವರಿಗಲ್ಲ.

ಆಮೇಲೆ ಪ್ರಶ್ನೆಗಳು ಬರುತ್ತವೆ. ಹೆಚ್ಚಾಗಿ ಬರುವ ಎರಡಕ್ಕೆ ಮೊದಲೇ ಉತ್ತರ ಸಿದ್ಧವಿರಲಿ: ‘ದೊನ್ನ ಅನಿಮೆ ಗ ಸುಕಿ ದೆಸ್ ಕ?’ (ಎಂಥ ಅನಿಮೆ ಇಷ್ಟ?), ‘ಒತೋತೊಸನ್ ವ ನನ್‌ಸೈ ದೆಸ್ ಕ?’ (ತಮ್ಮನಿಗೆ ಎಷ್ಟು ವಯಸ್ಸು?). ಅವರು ನಿಮ್ಮ ತಮ್ಮನಿಗೆ ‘ಸನ್’ ಹಚ್ಚಿ ಕೇಳುತ್ತಾರೆ. ಉತ್ತರ ಕೊಡುವಾಗ ನೀವು ಅದನ್ನು ಕಳಚಬೇಕು: ‘ಒತೋತೊ ವ ಜೂರೊಕುಸೈ ದೆಸ್’, ಹದಿನಾರು. ಪ್ರಶ್ನೆಯಲ್ಲಿ ಕೇಳಿದ ಪದವನ್ನೇ ಗಿಳಿಯಂತೆ ತಿರುಗಿ ಹೇಳಿ ಇಲ್ಲಿ ಬೀಳುವವರೇ ಬಹಳ. ಎಲ್ಲ ಮುಗಿದು ಯಾರಾದರೂ ‘ನಿಹೊಂಗೊ ಜೋಜ಼ು ದೆಸ್ ನೆ’ (ಜಪಾನಿ ಚೆನ್ನಾಗಿ ಮಾತಾಡ್ತೀರಲ್ವಾ) ಎಂದರೆ ಥ್ಯಾಂಕ್ಸ್ ಹೇಳಿ ಕೂರಬೇಡಿ. ‘ಈಯೆ, ಮದ ಮದ ದೆಸ್’, ಇಲ್ಲಪ್ಪ, ಇನ್ನೂ ಎಲ್ಲಿ ಬಂತು, ಎನ್ನಿ.